ಎರಡನೇ ಕುರ್ಚಿ

ನಾನಿರುವುದು ಅಮೆರಿಕದ ನಾರ್ತ್ ಕೆರೊಲಿನಾದ ಮಾರಿಸ್‌ವಿಲ್‌ನಲ್ಲಿ. ಇಲ್ಲಿಂದ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಕಾರಿನಲ್ಲಿ ಹೆಚ್ಚು ಹೊತ್ತು ಬೇಡ. ಅಲ್ಲಿಂದ ಹತ್ತು ಮೈಲಿಯಲ್ಲಿ ಚಾಪೆಲ್ ಹಿಲ್, ಅಂದರೆ ಎದುರಾಳಿಗಳ ಊರು. ಮಾರ್ಚ್‌ನಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ರಾಷ್ಟ್ರೀಯ ಟೂರ್ನಿ ಬಂತೆಂದರೆ ನಮ್ಮ ಆಫೀಸು ಡ್ಯೂಕ್‌ನ ಕಡುನೀಲಿ, ಚಾಪೆಲ್ ಹಿಲ್‌ನ ತಿಳಿನೀಲಿ ಅಂತ ಎರಡು ಪಂಗಡ ಆಗುತ್ತದೆ. ಮೊದಮೊದಲು ನಾನು ಸುಮ್ನೆ ಪಿಜ್ಜಾ ಆಸೆಗೆ ಮ್ಯಾಚ್ ನೋಡಲು ಕೂರುತ್ತಿದ್ದೆ. ಈಗ ಹುಚ್ಚು ಹತ್ತಿದೆ. ಆದರೆ ಆಟಗಾರರಿಗಿಂತ ಜಾಸ್ತಿ ನಾನು ನೋಡುವುದು ಕೋಚ್‌ಗಳು ಕೂರುವ ಬೆಂಚನ್ನು.

2010ರಲ್ಲಿ ಡ್ಯೂಕ್ 61-59ರಿಂದ ಬಟ್ಲರ್ ತಂಡವನ್ನು ಸೋಲಿಸಿ ಚಾಂಪಿಯನ್ ಆದಾಗ ಜಾನ್ ಶೈಯರ್ ಕಾಲೇಜಿನ ಕಣ್ಮಣಿ. ವೃತ್ತಿಪರ ಲೀಗ್ ಆದ ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಮಾತ್ರ ಯಾರೂ ಕರೆಯಲಿಲ್ಲ. ಅದೇ ಬೇಸಿಗೆಯಲ್ಲಿ ಕಣ್ಣಿಗೆ ಪೆಟ್ಟಾಯಿತು. ಇಸ್ರೇಲ್, ಸ್ಪೇನ್‌ಗಳಲ್ಲಿ ಆಡಿ, 2013ರಲ್ಲಿ ಹಳೆ ಕಾಲೇಜಿಗೇ ವಾಪಸ್ ಬಂದರು. ಬಂದದ್ದು ಗುರು ಮೈಕ್ ಶಶೆಫ್‌ಸ್ಕಿ ಅವರ ಸಹಾಯಕರಾಗಿ. ಎದುರಾಳಿಗಳ ವಿಡಿಯೊ ನೋಡುವುದು, ಹೈಸ್ಕೂಲು ಹುಡುಗರ ಮನೆಬಾಗಿಲಿಗೆ ಹೋಗಿ ಅಪ್ಪ ಅಮ್ಮನ ಮನವೊಲಿಸುವುದು, ಇಂಥ ಕೆಲಸ. ಹೀಗೆ ಒಂಬತ್ತು ಸೀಸನ್. 42 ವರ್ಷ ತಂಡ ನಡೆಸಿದ ಗುರು 2022ರಲ್ಲಿ ಎದ್ದ ಕುರ್ಚಿಯಲ್ಲಿ ಕೂತಾಗ ಶಿಷ್ಯನಿಗೆ 34.

ತಮಾಷೆ ಏನೆಂದರೆ, ಚಾಪೆಲ್ ಹಿಲ್‌ನ ಹ್ಯೂಬರ್ಟ್ ಡೇವಿಸ್ ಲೆಕ್ಕವೂ ಒಂಬತ್ತೇ. ಎನ್‌ಬಿಎಯಲ್ಲಿ 12 ಸೀಸನ್ ಆಡಿ, ಟಿವಿಯಲ್ಲಿ ಮಾತಾಡಿ ಹೆಸರು ಮಾಡಿದ್ದವರು. ಆದರೂ 2012ರಿಂದ ಅಲ್ಲಿನ ಕೋಚ್ ರಾಯ್ ವಿಲಿಯಮ್ಸ್ ಪಕ್ಕದಲ್ಲಿ ಸಹಾಯಕರಾಗಿ ಕೂತು ಕಲಿತರು. 2021ರಲ್ಲಿ ತಂಡ ಕೈಗೆ ಬಂತು. ಮೊದಲ ವರ್ಷವೇ ಫೈನಲ್. ಮರುವರ್ಷ ಮೊದಲ ರ‍್ಯಾಂಕ್‌ನಿಂದ ಶುರುಮಾಡಿದ ತಂಡ ಮಾರ್ಚ್ ಟೂರ್ನಿಗೇ ಹೋಗಲಿಲ್ಲ! ಆ ವಾರ ನಮ್ಮ ತಿಳಿನೀಲಿ ಪಂಗಡದವರ ಮುಖ ನೋಡಬೇಕಿತ್ತು.

ಬೆಂಚಿನಲ್ಲಿ ಕೂತವರೆಲ್ಲ ಗೆಲ್ಲುತ್ತಾರೆ ಅಂತಲ್ಲ. ಪ್ಯಾಟ್ರಿಕ್ ಯೂಯಿಂಗ್ ಅಂಥ ದೈತ್ಯ ಆಟಗಾರ ಎನ್‌ಬಿಎಯಲ್ಲಿ ವರ್ಷಗಟ್ಟಲೆ ಸಹಾಯಕರಾಗಿದ್ದು, 2017ರಲ್ಲಿ ತಾವು ಓದಿದ ಜಾರ್ಜ್‌ಟೌನ್ ವಿಶ್ವವಿದ್ಯಾಲಯಕ್ಕೆ ಕೋಚ್ ಆಗಿ ಬಂದರು. 2021-22ರಲ್ಲಿ ತಮ್ಮ ಲೀಗಿನ 19 ಪಂದ್ಯಗಳಲ್ಲಿ ಹತ್ತೊಂಬತ್ತನ್ನೂ ಸೋತರು. 2023ರಲ್ಲಿ ಮನೆಗೆ ಕಳಿಸಿದರು. ಇನ್ನು ದುಡ್ಡಿನ ವಿಷಯ ಬಿಡಿ. ಇಲ್ಲಿನ ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ಸಂಬಳಪಟ್ಟಿಯ ಮೇಲ್ತುದಿಯಲ್ಲಿರುವುದು ಗವರ್ನರ್ ಅಲ್ಲ, ಕಾಲೇಜು ಕೋಚ್. ಅದನ್ನು ನೋಡಿ ನನಗೇನೂ ಹೊಟ್ಟೆಕಿಚ್ಚಿಲ್ಲ.

ಹೊಟ್ಟೆಕಿಚ್ಚು ಇರುವುದು ಕೋಚ್ ಪಕ್ಕದಲ್ಲಿ ಸಹಾಯಕರು ಕೂರುವ ಆ ಎರಡನೇ ಕುರ್ಚಿಯ ಮೇಲೆ.

ನಮ್ಮಲ್ಲಿ ರಾಹುಲ್ ದ್ರಾವಿಡ್ ಇಂಥದ್ದೇ ದಾರಿ ಹಿಡಿದವರು. 2015ರಲ್ಲಿ 19ರೊಳಗಿನ ಹುಡುಗರಿಂದ ಶುರುಮಾಡಿ, 2021ರಲ್ಲಿ ಭಾರತ ತಂಡಕ್ಕೆ ಬಂದರು. ಆದರೆ ಅದು ಕ್ರಿಕೆಟ್. ಅಲ್ಲಿ ಕುರ್ಚಿಗೆ ಬರವಿಲ್ಲ.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಏನಾಗುತ್ತದೆ? ನಮ್ಮ ಕಾಲೇಜಿನ ಸೀನಿಯರ್ ಒಬ್ಬರಿದ್ದರು. ಅವರು ಡ್ರಿಬಲ್ ಮಾಡುತ್ತಾ ಬಂದರೆ ಕ್ಯಾಂಟೀನ್ ಖಾಲಿಯಾಗುತ್ತಿತ್ತು. ಕ್ರೀಡಾ ಕೋಟಾದಲ್ಲಿ ಬ್ಯಾಂಕ್ ಕೆಲಸ ಸಿಕ್ಕಿತು. ಅದು ಸಣ್ಣ ಮಾತಲ್ಲ. ಕಣ್ಣಿಗೆ ಪೆಟ್ಟಾದರೂ ಮನೆಯ ಅಕ್ಕಿ ಬೇಳೆಗೆ ತೊಂದರೆಯಿಲ್ಲ. ಆಟ ಆಡಿದವರಿಗೆ ಬ್ಯಾಂಕು, ರೈಲ್ವೆ ಕೆಲಸ ಕೊಡುತ್ತವೆ ಅಂದರೆ ಇಲ್ಲಿನ ಗೆಳೆಯರು ನಂಬುವುದೇ ಇಲ್ಲ. ಆದರೆ ಕಾಲೇಜು ಮಾತ್ರ ಅವರನ್ನು ವಾರ್ಷಿಕೋತ್ಸವಕ್ಕೆ ಕರೆದು ಶಾಲು, ಪೇಟ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿತು. ತಂಡ ನೋಡಿಕೊಳ್ಳುತ್ತಿದ್ದುದು ಕಬಡ್ಡಿ, ಖೊಖೊ, ಪರೇಡ್ ಎಲ್ಲವನ್ನೂ ಒಬ್ಬರೇ ನಿಭಾಯಿಸುವ ದೈಹಿಕ ಶಿಕ್ಷಣದ ಸರ್. ಪಾಪ, ಅವರದೇನು ತಪ್ಪು? ಜೊತೆಗೆ ಇನ್ನೊಬ್ಬರನ್ನು ಕೂರಿಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ ಅಷ್ಟೆ.

ಕಳೆದ ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಸಂಜೆ ಆ ಕೋರ್ಟ್ ಕಡೆ ಹೋಗಿದ್ದೆ. ಬ್ಯಾಂಕ್ ಮುಗಿಸಿ ಬಂದ ಸೀನಿಯರ್ ಕೊರಳಲ್ಲಿ ಸೀಟಿ ಹಾಕಿಕೊಂಡು ನಿಂತಿದ್ದರು. ಸುತ್ತ ಮೂವತ್ತು ಮಕ್ಕಳು. ಪಕ್ಕದಲ್ಲಿ ಇಪ್ಪತ್ತೆರಡರ ಹುಡುಗಿಯೊಬ್ಬಳು ನೋಟ್‌ಬುಕ್‌ನಲ್ಲಿ ಏನೋ ಗೀಚುತ್ತಿದ್ದಳು.

"ಯಾರಣ್ಣ ಇವಳು?" ಅಂದೆ.

"ಯೂನಿವರ್ಸಿಟಿಗೆ ಆಡ್ತಿದ್ಲು. ಈಗ ನನ್ನ ಅಸಿಸ್ಟೆಂಟು."

"ಸಂಬಳ ಯಾರು ಕೊಡ್ತಾರೆ?"

ಅವರು ಶರ್ಟಿನ ಜೇಬು ತಟ್ಟಿ ತೋರಿಸಿ, ಸೀಟಿ ಊದಿದರು.