ಮುಲಾಜಿನ ಬುಕಿಂಗ್ ಮತ್ತು ತಾರೀಖಿನ ಬುಕಿಂಗ್

ಕಳೆದ ವಾರ ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಫೋನು ಮಾಡಿ, "ಅಕ್ಕಾ, ಏಳು ಪಾರ್ಟಿ ಆಯಿತು, ನೆಂಟರ ಮನೆಗಳೆಲ್ಲ ಮುಗಿದವು, ಇನ್ನು ಯಾರನ್ನು ಕೇಳಲಿ?" ಎಂದಳು. ನಾಲ್ಕು ಮನೆಯ ಹೆಂಗಸರನ್ನು ಒಂದು ಮನೆಯಲ್ಲಿ ಕೂಡಿಸಿ ಅಡುಗೆಮನೆಯ ಡಬ್ಬಿ ಮಾರುವ ಈ ಕೆಲಸದಲ್ಲಿ ನಾನು ಶಿರಸಿಯಲ್ಲಿ ಒಂಬತ್ತು ವರ್ಷ ಕಳೆದಿದ್ದೇನೆ; ಈ ಪ್ರಶ್ನೆ ಕೇಳದ ಒಬ್ಬಳನ್ನೂ ಕಂಡಿಲ್ಲ. ಅತ್ತಿಗೆ, ಚಿಕ್ಕಮ್ಮ, ಗಂಡನ ಸೋದರತ್ತೆ, ಮಗನ ಸ್ನೇಹಿತನ ತಾಯಿ, ಇಷ್ಟು ಹೊತ್ತಿಗೆ ಎಲ್ಲರ ಪಟ್ಟಿಯೂ ತೀರುತ್ತದೆ, ಡೈರಿಯ ಮುಂದಿನ ಪುಟಗಳು ಖಾಲಿಯಾಗಿ ಕಾಣಿಸುತ್ತವೆ.

ಪಟ್ಟಿ ತೀರಿದ್ದು ಅವಳ ತೊಂದರೆಯಲ್ಲ, ಪಟ್ಟಿಯಿಂದಲೇ ಕೆಲಸ ನಡೆಯುತ್ತದೆ ಎಂದುಕೊಂಡಿದ್ದೇ ತೊಂದರೆ ಎಂಬುದು ನನ್ನ ಅಭಿಪ್ರಾಯ. ಇಂಥ ದಿನ ನಮ್ಮ ಮನೆಯಲ್ಲಿ ಪಾರ್ಟಿ ಆಗಲಿ ಎಂದು ಒಪ್ಪಿಕೊಳ್ಳುವುದಕ್ಕೆ ನಾವು ಬುಕಿಂಗ್ ಎನ್ನುತ್ತೇವೆ; ನೆಂಟರು ಕೊಡುವುದು ಮುಲಾಜಿನ ಬುಕಿಂಗ್. ಮೊದಲ ವರ್ಷ ನಾನೂ ಹಾಗೆ ಒಂದೇ ತಿಂಗಳಲ್ಲಿ ಐದು ಮನೆ ಒಪ್ಪಿಸಿ ಬೀಗಿದ್ದೆ. ಅದರಲ್ಲಿ ಒಂದು ಮನೆಗೆ ಸೂತಕ ಬಂತು, ಅದು ಯಾರ ತಪ್ಪೂ ಅಲ್ಲ. ಇನ್ನೆರಡು ಮನೆಯವರು ಮುಂದೆ ಹಾಕುತ್ತಾ ಹೋದರು, ನಾನು ಕೇಳುವುದನ್ನು ಬಿಡುವವರೆಗೂ. ನಮ್ಮ ಕಡೆಯ ಹವ್ಯಕರ ಮನೆಗಳಲ್ಲಿ "ನೋಡನ ತಗ" ಎಂದರೆ ಬೇಡ ಎಂದೇ ಅರ್ಥವೆಂಬುದು ಹುಟ್ಟಿನಿಂದ ಗೊತ್ತಿದ್ದರೂ, ಡಬ್ಬಿ ಮಾರಲು ಹೊರಟಾಗ ಅದು ನನಗೆ ಮರೆತುಹೋಗಿತ್ತು. ಹಾಗೆ ಮುಂದೆ ಹಾಕಿದ ಅತ್ತಿಗೆಯೊಬ್ಬರು ಮದುವೆಮನೆಯಲ್ಲಿ ನನ್ನನ್ನು ಕಂಡು ಊಟದ ಪಂಕ್ತಿ ಬದಲಿಸಿದ್ದು ಇವತ್ತಿಗೂ ನೆನಪಿದೆ.

ಈ ಪದ್ಧತಿ ಹುಟ್ಟಿದ ಬಗೆಯಲ್ಲೇ ಉತ್ತರವಿದೆ. ಅಮೆರಿಕದಲ್ಲಿ ಟಪ್ಪರ್‌ವೇರ್ ಡಬ್ಬಿಗಳು ಅಂಗಡಿಯ ಕಪಾಟಿನಲ್ಲಿ ಚೆನ್ನಾಗಿ ಖರ್ಚಾಗುತ್ತಿರಲಿಲ್ಲ, ಏಕೆಂದರೆ ಆ ಮುಚ್ಚಳವನ್ನು ಹೇಗೆ ಒತ್ತಿ ಗಾಳಿ ಹೊರಗೆ ಬಿಡಬೇಕೆಂದು ತೋರಿಸುವವರು ಅಲ್ಲಿ ಇರಲಿಲ್ಲ. ಬ್ರೌನಿ ವೈಸ್ ಎಂಬ ಮಹಿಳೆ ಅದನ್ನು ಮನೆಗಳಲ್ಲಿ ತೋರಿಸಿ ಮಾರಿದ ರೀತಿಯನ್ನು ಕಂಡು ಕಂಪನಿಯು 1951ರಲ್ಲಿ ಅಂಗಡಿಗಳ ಮಾರಾಟವನ್ನೇ ಕೈಬಿಟ್ಟು ಪೂರ್ತಿ ಮನೆ ಪಾರ್ಟಿಗೆ ಇಳಿಯಿತು. ನಮ್ಮ ದೇಶಕ್ಕೆ ಅದು ಬಂದದ್ದು 1996ರಲ್ಲಿ. ಅದೇ ಕಂಪನಿ 2024ರಲ್ಲಿ ದಿವಾಳಿ ಅರ್ಜಿ ಹಾಕಿತಲ್ಲ ಎಂದು ನನ್ನ ಗಂಡ ಆಗಾಗ ಚುಚ್ಚುವುದುಂಟು, ಅದು ಬೇರೆ ಚರ್ಚೆ. ನಾನು ಹೇಳುತ್ತಿರುವುದು ಇಷ್ಟೇ: ಕಣ್ಣೆದುರು ನೋಡಿದವಳಿಗೆ ಮಾತ್ರ ತನ್ನ ಮನೆಯಲ್ಲೂ ಇದು ಆಗಲಿ ಅನ್ನಿಸುತ್ತದೆ, ಹಾಗಾಗಿ ಮುಂದಿನ ಬುಕಿಂಗ್ ಇವತ್ತಿನ ಪಾರ್ಟಿಯ ಕಂಬಳಿಯ ಮೇಲೆಯೇ ಕುಳಿತಿರುತ್ತದೆ, ಫೋನಿನ ಪಟ್ಟಿಯಲ್ಲಿ ಅಲ್ಲ.

ಆ ಬುಕಿಂಗ್ ಕೊಡುವವಳು ಯಾರೆಂದು ಗುರುತಿಸುವುದರಲ್ಲಿ ನಾವು ತಪ್ಪುತ್ತೇವೆ. ಹೆಚ್ಚು ಆರ್ಡರ್ ಕೊಟ್ಟವಳ ಹಿಂದೆ ಬೀಳುತ್ತೇವೆ, ಆದರೆ ಅವಳಿಗೆ ಬೇಕಾದದ್ದು ಸಿಕ್ಕಿಬಿಟ್ಟಿದೆ. ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಮುಚ್ಚಳವನ್ನು ತಾನೇ ಎರಡು ಸಲ ಹಾಕಿ ತೆಗೆದು, "ಇದರಲ್ಲಿ ಹಲಸಿನ ಹಪ್ಪಳ ಆಷಾಢದವರೆಗೆ ಗರಿಗರಿ ಇರುತ್ತದೆಯೋ?" ಎಂದು ಕೇಳಿ, ಕ್ಯಾಟಲಾಗಿನಲ್ಲಿ ಬೆಲೆ ನೋಡಿ ಸುಮ್ಮನಾದವಳು ನಿಜವಾದ ಮುಂದಿನ ಹೋಸ್ಟೆಸ್, ಅಂದರೆ ತನ್ನ ಮನೆಯಲ್ಲಿ ಪಾರ್ಟಿ ಇಡುವವಳು. ಚಹಾ ಬಂದು ಎಲ್ಲರೂ ಬೇರೆ ಮಾತಿಗೆ ತಿರುಗಿದ ಆ ಇಪ್ಪತ್ತು ನಿಮಿಷದಲ್ಲಿ ಅವಳ ಪಕ್ಕ ಹೋಗಿ ಕುಳಿತು, ಹೋಸ್ಟೆಸ್‌ಗೆ ಏನು ಸಿಗುತ್ತದೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿ, "ಬರುವ ಹದಿನೆಂಟನೇ ತಾರೀಖು ಗುರುವಾರ ಆಗಬಹುದೋ, ಇಪ್ಪತ್ತೆರಡು ಸೋಮವಾರವೋ?" ಎಂದು ಕೇಳಬೇಕು. "ಯಾವಾಗಲಾದರೂ ಒಂದು ಪಾರ್ಟಿ ಇಟ್ಟುಕೊಳ್ಳೋಣ" ಎಂದು ಕೇಳಿದರೆ ಯಾವಾಗಲಾದರೂ ಎಂಬ ಉತ್ತರವೇ ಸಿಗುತ್ತದೆ. ಮೂರು ವಾರಕ್ಕಿಂತ ಆಚೆಯ ತಾರೀಖು ನಾನು ಬರೆದುಕೊಳ್ಳುವುದಿಲ್ಲ, ಅಷ್ಟರಲ್ಲಿ ಉತ್ಸಾಹ ಆರಿರುತ್ತದೆ. ಮರುದಿನವೇ ಫೋನು ಮಾಡಿ ಯಾರನ್ನು ಕರೆಯುತ್ತಾಳೆಂದು ಹೆಸರು ಹೆಸರಾಗಿ ಬರೆಸುತ್ತೇನೆ. ಇವತ್ತು ಬಂದ ಹತ್ತು ಜನರೇ ಅಲ್ಲಿಗೂ ಬರುವುದಾದರೆ ಆ ಪಾರ್ಟಿ ಚಹಾಕ್ಕೆ ಮಾತ್ರ ಸರಿ. ಅವಳ ಹೊಲಿಗೆ ಕ್ಲಾಸಿನವರು, ತವರಿನ ಕಡೆಯವರು, ಮಗಳ ಟ್ಯೂಷನ್ ಟೀಚರ್ ಹೀಗೆ ನನಗೆ ಮುಖಪರಿಚಯವಿಲ್ಲದ ನಾಲ್ವರಾದರೂ ಇರಲೇಬೇಕು.

ತಾರೀಖು ಕೇಳುವವಳಿಗೆ ಊರಿನ ಲೆಕ್ಕ ತಿಳಿದಿರಬೇಕು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಶಿರಸಿಯಲ್ಲಿ ಪಾರ್ಟಿಯ ಸುದ್ದಿ ಎತ್ತಬಾರದು. ಅಡಿಕೆ ಕೊನೆ ಇಳಿದ ಮೇಲೆ ಹಳ್ಳಿಮನೆಗಳಲ್ಲಿ ಸುಲಿಯುವ ಕೆಲಸ ರಾತ್ರಿಯವರೆಗೂ ಇರುತ್ತದೆ, ಆಗ ಹೋದರೆ ನಮಗೂ ಮೆಟ್ಟುಗತ್ತಿ ಕೊಟ್ಟು ಕೂರಿಸುತ್ತಾರೆ (ಒಮ್ಮೆ ಕೂತು ಸುಲಿದಿದ್ದೇನೆ, ಎರಡು ಬುಕಿಂಗ್ ಸಿಕ್ಕಿತು). ಕಾರವಾರದಲ್ಲಿ ಕೆಲಸ ಮಾಡುವ ನನ್ನ ಗೆಳತಿಯ ಲೆಕ್ಕವೇ ಬೇರೆ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧವಿದ್ದಾಗ ಮೀನುಗಾರರ ಮನೆಗಳಲ್ಲಿ ಅವಳು ಬುಕಿಂಗ್ ಕೇಳುವುದಿಲ್ಲ, ಆಗ ಕೈಗಾ ಅಣು ವಿದ್ಯುತ್ ಸ್ಥಾವರದ ನೌಕರರ ಕಾಲೊನಿಯ ಕಡೆ ಗಮನ ಕೊಡುತ್ತಾಳೆ. ಅಲ್ಲಿ ಶಿಫ್ಟ್ ನೋಡಿ ತಾರೀಖು ಹಾಕಬೇಕು, ವರ್ಗವಾಗಿ ಹೊಸಬರು ಬಂದರೆ ಮೊದಲ ವಾರವೇ ಪರಿಚಯ ಮಾಡಿಕೊಳ್ಳಬೇಕು.

"ಇದು ಚೈನ್ ಅಲ್ಲವಷ್ಟೇ?" ಎಂಬ ಪ್ರಶ್ನೆಗೆ ಸಿಟ್ಟಾಗುವವರನ್ನು ಕಂಡರೆ ನನಗೆ ಬೇಸರ. ಹಣ ಕಟ್ಟಿಸಿಕೊಂಡು ಜನ ಸೇರಿಸುವ ಯೋಜನೆಯಲ್ಲಿ ನಮ್ಮ ಬೀದಿಯವರೇ ಕೈ ಸುಟ್ಟುಕೊಂಡಿರುವಾಗ ಅವರು ಕೇಳದೆ ಇನ್ನೇನು ಮಾಡಬೇಕು? 2021ರ ನೇರ ಮಾರಾಟ ನಿಯಮಗಳು ಇಂಥ ಪಿರಮಿಡ್ ಯೋಜನೆಯನ್ನು ನಿಷೇಧಿಸಿವೆ. ಗುರುತಿನ ಚೀಟಿಯಿಲ್ಲದೆ, ಮೊದಲೇ ಒಪ್ಪಿಗೆ ಪಡೆಯದೆ ಗ್ರಾಹಕರ ಮನೆಗೆ ಹೋಗಬಾರದೆಂದೂ ಹೇಳಿವೆ. ನಾನು ಚೀಟಿಯನ್ನು ಮೊದಲೇ ತೋರಿಸಿ, ಸೇರುವುದಕ್ಕೆ ಯಾರೂ ಹಣ ಕಟ್ಟಬೇಕಿಲ್ಲ ಎಂದು ಹೇಳಿಬಿಡುತ್ತೇನೆ. ಆಮೇಲೆ ಜನ ಹಗುರಾಗಿ ಕೂರುತ್ತಾರೆ.

ಇನ್ನು ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ದಾರಿ ಒಡೆದ ಮುಚ್ಚಳ. ಹುಲೇಕಲ್ ರಸ್ತೆಯ ಮನೆಯೊಂದರ ಅಜ್ಜಿ ನಾಲ್ಕು ವರ್ಷದ ಹಿಂದೆ ಕೊಂಡ ಡಬ್ಬಿಯ ಮುಚ್ಚಳ ಸೀಳಿದೆಯೆಂದು ಮೊಮ್ಮಗನಿಂದ ಫೋನು ಮಾಡಿಸಿದ್ದರು. ಬದಲಿ ಮುಚ್ಚಳಕ್ಕೆ ನನಗೆ ಒಂದು ರೂಪಾಯಿಯೂ ಉಳಿಯುವುದಿಲ್ಲ, ಪೆಟ್ರೋಲು ಕೈಯಿಂದಲೇ ಹೋಯಿತು. ಮೇ ತಿಂಗಳಲ್ಲಿ ಅದನ್ನು ಕೊಟ್ಟು ಬರಲು ಹೋದಾಗ ಅಂಗಳದ ತುಂಬ ಹಲಸಿನ ಹಪ್ಪಳ ಒಣಗುತ್ತಿತ್ತು. ಅಜ್ಜಿ ನನ್ನೆದುರೇ ಒಣಗಿದ ಐವತ್ತು ಹಪ್ಪಳ ಎಣಿಸಿ ಡಬ್ಬಿಗೆ ತುಂಬಿ, ನಡು ಒತ್ತಿ ಗಾಳಿ ಬಿಟ್ಟು, ಅಟ್ಟಕ್ಕೆ ಏರಿಸಿ, "ಮಳೆ ಕಳೆಯಲಿ, ಆಮೇಲೆ ಹೇಳುತ್ತೇನೆ" ಎಂದರು. ನಾನು ಬುಕಿಂಗ್ ಕೇಳಲಿಲ್ಲ. ಶ್ರಾವಣದ ಎರಡನೇ ಶುಕ್ರವಾರಕ್ಕೆ ಹನ್ನೆರಡು ಮನೆಯವರನ್ನು ಅರಿಶಿನ ಕುಂಕುಮಕ್ಕೆ ಕರೆದಿದ್ದಾರಂತೆ, ಸಾಮಾನು ತೆಗೆದುಕೊಂಡು ಬರಬೇಕಂತೆ, ಆ ಡಬ್ಬಿಯ ಮುಚ್ಚಳವನ್ನು ಎಲ್ಲರೆದುರು ಅಂದೇ ತೆಗೆಯುತ್ತಾರಂತೆ ಎಂದು ನಿನ್ನೆ ಅವರ ಸೊಸೆ ಫೋನು ಮಾಡಿ ತಿಳಿಸಿದಳು. ಹಪ್ಪಳ ಮೆತ್ತಗಾಗಿದ್ದರೆ ನನ್ನ ಗತಿಯೇನೆಂದು ನಿನ್ನೆಯಿಂದ ಒಳಗೊಳಗೇ ಅಳುಕುತ್ತಿದ್ದೇನೆ.