ಧೂಳಿಗೆ ಮಾತ್ರ ಗೊತ್ತು ನಾಳೆ ಶೂಟ್ ಅಂತ

ಶೂಟ್‌ನ ಹಿಂದಿನ ಸಂಜೆ ಯಾರಾದರೂ "ಬ್ಯಾಗ್ ರೆಡಿನಾ?" ಎಂದು ಕೇಳಿದರೆ ಮೈ ಉರಿಯುತ್ತದೆ. ಬ್ಯಾಗ್ ಯಾವಾಗಲೂ ರೆಡಿಯೇ. ರೆಡಿ ಇಲ್ಲದಿರುವುದು ಕ್ಯಾಮೆರಾ. ಹಿಂದಿನ ರಾತ್ರಿ ಕಾರ್ಯಕ್ರಮಕ್ಕೆಂದು 6400ಕ್ಕೆ ಏರಿಸಿದ ಬೆಳಕಿನ ಸೂಕ್ಷ್ಮತೆ, ಅಂದರೆ ಐಎಸ್‌ಒ ಅಲ್ಲೇ ಠಿಕಾಣಿ ಹೂಡಿರುತ್ತದೆ, ಬಣ್ಣ ಸರಿಹೊಂದಿಸುವ ವೈಟ್ ಬ್ಯಾಲೆನ್ಸ್ ಇನ್ನೂ ಟಂಗ್‌ಸ್ಟನ್ ಬಲ್ಬಿನ ಗುಂಗಿನಲ್ಲಿರುತ್ತದೆ. ಮರುದಿನ ಬಿಸಿಲಿನಲ್ಲಿ ಎಲ್ಲರ ಮುಖವೂ ನೀಲಿಗಟ್ಟಿ ಬಂದಾಗ ಲೆನ್ಸಿಗೆ ಬೈಗುಳ. ಏನೇನು ಒಯ್ಯಬೇಕೆಂದು ಪಟ್ಟಿ ಬರೆಯುವವರು ಬೇಕಾದಷ್ಟಿದ್ದಾರೆ. ಒಳಗೆ ಏನೇನು ಉಳಿದುಕೊಂಡಿದೆ ಎಂದು ನೋಡುವವರು ಕಡಿಮೆ.

ಕಾರ್ಡಿನ ಚಿತ್ರಗಳನ್ನು ಎರಡು ಕಡೆ ಇಳಿಸಿಕೊಂಡು, ಅದೇ ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಬೇಕು, ಕಂಪ್ಯೂಟರಿನಲ್ಲಿ ಅಲ್ಲ. ಎರಡು ಕ್ಯಾಮೆರಾ ಇದ್ದರೆ ಗಡಿಯಾರ ಒಂದೇ ಸಮಯ ತೋರಿಸಲಿ, ಇಲ್ಲವಾದರೆ ಚಿತ್ರಗಳನ್ನು ಜೋಡಿಸಲು ಕೂತಾಗ ಊಟ ಮುಗಿದ ಮೇಲೆ ಅತಿಥಿಗಳು ಬಂದಿಳಿಯುತ್ತಾರೆ. ಟ್ರೈಪಾಡಿನ ಪ್ಲೇಟು ಇನ್ನೊಂದು ಕ್ಯಾಮೆರಾದ ಅಡಿಯಲ್ಲಿ ಉಳಿದಿದೆಯೇ ನೋಡಿ. ಇವೆಲ್ಲ ಸುಲಭ. ಸುಲಭವಲ್ಲದ್ದು ಸೆನ್ಸರಿನ, ಅಂದರೆ ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕದ, ಧೂಳು.

ಅದನ್ನು ಹುಡುಕದೆ ಸುಮ್ಮನಿದ್ದರೆ ಸುಖ. ಹುಡುಕಲೇಬೇಕೆಂದರೆ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು, ಎಫ್/16ರಷ್ಟು ಕಿರಿದು ಮಾಡಿ, ಫೋಕಸ್ ಪೂರ್ತಿ ಕೆಡಿಸಿ, ಬಿಳಿ ಗೋಡೆಯನ್ನೋ ಮೋಡವಿಲ್ಲದ ಆಕಾಶವನ್ನೋ ತೆಗೆಯಿರಿ. ಗೋಡೆಯ ಗೀರು ಸೆನ್ಸರಿನ ಲೆಕ್ಕಕ್ಕೆ ಬರದಿರಲಿ ಎಂದೇ ಫೋಕಸ್ ಕೆಡಿಸುವುದು. ದೊಡ್ಡದು ಮಾಡಿ ನೋಡಿದರೆ ಬೂದು ಚುಕ್ಕೆಗಳು ಕಾಣುತ್ತವೆ. ಅವು ಧೂಳಲ್ಲ, ಧೂಳಿನ ನೆರಳು. ಕಣ ಕೂತಿರುವುದು ಸೆನ್ಸರಿನ ಮೇಲಲ್ಲ, ಅದರ ಮುಂದಿರುವ ತೆಳು ಗಾಜಿನ ಮೇಲೆ. ಕಿಂಡಿ ಅಗಲ ತೆರೆದ ಎಫ್/2ರಲ್ಲಿ ಬೆಳಕು ಅಗಲವಾಗಿ ನಾನಾ ಕೋನಗಳಿಂದ ಬಂದು ನೆರಳನ್ನು ಅಳಿಸಿಬಿಡುತ್ತದೆ. ಎಫ್/16ರಲ್ಲಿ ಕಿರಿದಾಗಿ ಬಂದು ಗಟ್ಟಿಯಾಗಿ ಮೂಡಿಸುತ್ತದೆ. ಒಮ್ಮೆ ಕಂಡಿತೋ, ಹಲ್ಲಿನ ಸಂದಿಯ ನಾರಿಗೆ ನಾಲಿಗೆ ಹೋದಂತೆ ಕಣ್ಣು ಪದೇ ಪದೇ ಅಲ್ಲಿಗೇ ಹೋಗುತ್ತದೆ.

ಇನ್ನು ಅದು ಎಲ್ಲಿದೆ ಎಂಬ ಲೆಕ್ಕ. ಲೆನ್ಸ್ ಚಿತ್ರವನ್ನು ತಲೆಕೆಳಗು ಮಾಡುತ್ತದೆ, ಎಡಬಲವನ್ನೂ ತಿರುಗಿಸುತ್ತದೆ. ಆದರೆ ನಾವು ಸೆನ್ಸರನ್ನು ಮುಂದಿನಿಂದ ನೋಡುವುದರಿಂದ ಎಡಬಲ ಮತ್ತೆ ನೆಟ್ಟಗಾಗುತ್ತದೆ. ಚಿತ್ರದ ಮೇಲಿನ ಎಡಮೂಲೆಯ ಚುಕ್ಕೆ ನಮ್ಮೆದುರು ಕೆಳಗಿನ ಎಡಮೂಲೆಯಲ್ಲಿರುತ್ತದೆ. ಇದನ್ನು ಅರಿಯದೆ ಧೂಳೇ ಇಲ್ಲದ ಮೂಲೆಯನ್ನು ಉಜ್ಜಿ ಉಜ್ಜಿ ಹೊಳೆಸುವವರಿದ್ದಾರೆ.

ಮೊದಲು ಕ್ಯಾಮೆರಾವನ್ನು ಕೆಳಮುಖ ಹಿಡಿದು ರಬ್ಬರ್ ಬ್ಲೋವರಿನಿಂದ ನಾಲ್ಕಾರು ಸಲ ಗಾಳಿ ಹಾಕಿ. ಬಾಯಿಂದ ಊದುವ ಮಹಾನುಭಾವರಿಗೆ ದೊಡ್ಡ ನಮಸ್ಕಾರ: ಒಂದು ಕಣ ಹೋಗಿ ಹತ್ತು ಹನಿ ಉಗುಳು ಬರುತ್ತದೆ, ಒಣಗಿದ ಮೇಲೆ ಅದು ಬ್ಲೋವರಿಗೂ ಜಗ್ಗದು. ಡಬ್ಬಿಯ ಗಾಳಿಯೂ ಬೇಡ, ಅದರೊಳಗಿನ ದ್ರವ ಚಿಮ್ಮಿದರೆ ಗಾಜಿನ ಮೇಲೆ ಕಲೆ. ಗಾಳಿಗೆ ಹೋಗದಿದ್ದರೆ ಸ್ವಾಬ್, ಅಂದರೆ ಬಟ್ಟೆ ಸುತ್ತಿದ ಒರೆಸುವ ಕಡ್ಡಿ. ದೊಡ್ಡ ಸೆನ್ಸರಿನ ಫುಲ್ ಫ್ರೇಮಿಗೆ 24 ಮಿಲಿಮೀಟರ್ ಅಗಲದ್ದು, ಚಿಕ್ಕ ಸೆನ್ಸರಿನ ಎಪಿಎಸ್-ಸಿಗೆ 16ರದ್ದು. ಸೆನ್ಸರ್ ಒರೆಸುವ ದ್ರವ ಎರಡು ಹನಿ ಸಾಕು. ಹೆಚ್ಚಾದರೆ ಅಂಚಿನಲ್ಲಿ ಗೆರೆ ಉಳಿಯುತ್ತದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಂದೇ ಎಳೆತ, ಸ್ವಾಬಿನ ಇನ್ನೊಂದು ಮೈಯಿಂದ ವಾಪಸ್ ಒಂದೆಳೆತ, ಅಷ್ಟೇ. ಬಳಸಿದ್ದನ್ನು ಎಸೆಯಿರಿ. ದುಬಾರಿ ಎಂದು ಮತ್ತೆ ಒರೆಸುವುದು ಒರೆಸುವುದಲ್ಲ, ಹಚ್ಚುವುದು. ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಕ್ಯಾಮೆರಾ ಆದರೆ ಬ್ಯಾಟರಿ ತುಂಬಿರಲೇಬೇಕು: ಮೇಲೆತ್ತಿದ ಕನ್ನಡಿಯೂ ಷಟರೂ ಚಾರ್ಜ್ ಮುಗಿದ ಕೂಡಲೇ ಸ್ವಾಬಿನ ಮೇಲೆ ಬೀಳುತ್ತವೆ.

ಆನ್ ಮಾಡಿದಾಗ ತಾನೇ ನಡುಗಿ ಧೂಳು ಕೊಡವಿಕೊಳ್ಳುವ ವ್ಯವಸ್ಥೆಯ ಬಗ್ಗೆ ಜಾಹೀರಾತುಗಳ ಮಾತು ಬೇರೆ, ಪರಾಗದ ಅಂಟಿನ ಮಾತು ಬೇರೆ.

ಒರೆಸಿ, ಲೆನ್ಸ್ ಹಾಕಿ, ಮತ್ತೆ ಎಫ್/16ರಲ್ಲಿ ಗೋಡೆ ತೆಗೆದರೆ ಹಳೆಯ ಚುಕ್ಕೆ ಮಾಯ. ಅದರ ಬದಲು ಇನ್ನೊಂದು ಮೂಲೆಯಲ್ಲಿ ಎರಡು, ಲೆನ್ಸಿನ ಹಿಂದಿನ ಮುಚ್ಚಳದಿಂದ ಉದುರಿದವು. ಮುಚ್ಚಳವನ್ನು ಒರೆಸಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಮತ್ತೆ ಬ್ಲೋವರ್, ಮತ್ತೆ ಗೋಡೆ. ಇಷ್ಟಕ್ಕೂ ನಾಳೆಯದು ಮಗುವಿನ ಪೋರ್ಟ್ರೇಟ್, ಇಡೀ ದಿನ ಎಫ್/2ರಲ್ಲೇ.