ಎಂಜಿಬಿ ಕಾರಿಗೆ ಶಾಕ್ ಬದಲಿಸಿದರೆ ಸಾಕೇ? ಒಂದು ಸ್ಪಷ್ಟನೆ

'ಎಂಜಿಬಿಯ ಹಳೇ ಲಿವರ್ ಆರ್ಮ್ ಶಾಕ್ ಕಿತ್ತು ಟೆಲಿಸ್ಕೋಪಿಕ್ ಕಿಟ್ ಹಾಕಿ, ಕಾರು ರಸ್ತೆಗೆ ಅಂಟಿಕೊಂಡು ಓಡುತ್ತೆ' ಎಂಬ ಮಾತು ಓಡಾಡುತ್ತಿದೆ. ಇದು ಪೂರ್ತಿ ನಿಜವಲ್ಲ. (ಶಾಕ್ ಎಂದರೆ ಚಕ್ರದ ಕುಲುಕಾಟ ತಗ್ಗಿಸುವ ಭಾಗ. ಲಿವರ್ ಆರ್ಮ್ ಶಾಕ್‌ನಲ್ಲಿ ಎಣ್ಣೆ ತುಂಬಿದ ಡಬ್ಬಿಗೆ ಆಡುವ ತೋಳಿರುತ್ತದೆ, ಟೆಲಿಸ್ಕೋಪಿಕ್ ಕೊಳವೆಯಂತಿರುತ್ತದೆ.)

ಈ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಮುಂಭಾಗದಲ್ಲಿ ಶಾಕ್‌ನ ತೋಳೇ ಸಸ್ಪೆನ್ಷನ್ನಿನ, ಅಂದರೆ ಚಕ್ರವನ್ನು ಹಿಡಿದಿಡುವ ಜೋಡಣೆಯ, ಮೇಲಿನ ತೋಳೂ ಹೌದು. ಅದಕ್ಕೇ ಅಗ್ಗದ ಕಿಟ್‌ಗಳಲ್ಲಿ ಹಳೇ ಶಾಕ್ ಅಲ್ಲೇ ಉಳಿಯುತ್ತದೆ, ಪಕ್ಕದಲ್ಲಿ ಹೊಸದೊಂದು ಸೇರುತ್ತದೆ ಅಷ್ಟೇ. ತೋಳಿನ ಬೇರಿಂಗ್ ಸವೆದು ಅಲುಗಾಡುತ್ತಿದ್ದರೆ, ಕಿಟ್ ಹಾಕಿದ ಮೇಲೂ ಅಲುಗಾಡುತ್ತದೆ. ದುಡ್ಡು ದಂಡ, ಅಲ್ವಾ?

ಮೊದಲು ಇರುವುದನ್ನು ಪರೀಕ್ಷಿಸಿ. ಹಿಂಬದಿಯ ಶಾಕ್‌ನ ತೋಳನ್ನು ಆ್ಯಕ್ಸಲ್‌ಗೆ ಸೇರಿಸುವ ಲಿಂಕ್ ಬಿಚ್ಚಿ, ತೋಳನ್ನು ಕೈಯಲ್ಲಿ ಮೇಲೆ ಕೆಳಗೆ ಆಡಿಸಿ. ಎರಡೂ ದಿಕ್ಕಿನಲ್ಲಿ ಎಲ್ಲೂ ಸಡಿಲವಾಗದೆ ಬಿಗಿ ಇದ್ದರೆ ಶಾಕ್ ಚೆನ್ನಾಗಿದೆ. ನಡುವೆ ಸಡಿಲ ಸಿಕ್ಕರೆ ಎಣ್ಣೆ ಕಡಿಮೆ ಇರಬಹುದು. ತುಂಬಿಸಿ ಮತ್ತೆ ನೋಡಿ. ಸೋರುತ್ತಿದ್ದರೆ, ಸಡಿಲ ಹೋಗದಿದ್ದರೆ ಅಥವಾ ಬೇರಿಂಗ್ ಸವೆದಿದ್ದರೆ ಮಾತ್ರ ರಿಪೇರಿ ಮಾಡಿದ ಶಾಕ್ ಕೊಳ್ಳಿ.

ಕಡಿಮೆ ಖರ್ಚಿನಲ್ಲಿ ಜಾಸ್ತಿ ಫಲ ಕೊಡುವುದು ರಬ್ಬರ್ ಬುಷ್, ಅಂದರೆ ತೋಳಿನ ಕೀಲುಗಳಲ್ಲಿ ಕೂರುವ ರಬ್ಬರ್ ತೋಳುಬಳೆ. ಮುಂದಿನ ಕೆಳತೋಳಿಗೆ ಎಂಜಿಬಿ ಜಿಟಿ ವಿ8 ಮಾದರಿಯ ಬುಷ್ ಹಾಕುವುದು ಹಳೇ ರೂಢಿ, ನನ್ನ ಮಟ್ಟಿಗೆ ಅದೇ ಒಳ್ಳೆಯ ಖರೀದಿ. ಕಿಂಗ್‌ಪಿನ್‌ಗೆ (ಮುಂದಿನ ಚಕ್ರ ತಿರುಗಿಸುವಾಗ ಆಧಾರವಾಗುವ ಕಡ್ಡಿಗೆ) ಗ್ರೀಸ್, ಒಳ್ಳೇ ಟೈರ್ ಆಮೇಲೆ.

1974ರ ಕೊನೆಯಿಂದ ಬಂದ ರಬ್ಬರ್ ಬಂಪರ್ ಎಂಜಿಬಿಗಳ ಕಥೆ ಬೇರೆ. ಅಮೆರಿಕದ ನಿಯಮಕ್ಕಾಗಿ ಅವುಗಳನ್ನು ಎತ್ತರಿಸಿದ್ದರು. ಅಂಥ ಕಾರು ತಿರುವಿನಲ್ಲಿ ವಾಲಿದರೆ ಶಾಕ್ ಬೈದು ಪ್ರಯೋಜನವಿಲ್ಲ. ವಾಲುವುದನ್ನು ತಡೆಯುವ ಸರಳು, ಆ್ಯಂಟಿ ರೋಲ್ ಬಾರ್, ಇದೆಯೇ ನೋಡಿ. ಸ್ಪ್ರಿಂಗ್ ಕತ್ತರಿಸಿ ತಗ್ಗಿಸುವ ಸಾಹಸ ಮಾತ್ರ ಬೇಡ.